ಯಾವ ಜಡ್ಡಿಗೆ ಈ ಚಹಾ?

ಆಗಿನ ಕಾಲಕ್ಕ ನಮ್ಮ ಕಡೆ ಹಳ್ಳ್ಯಾಗ ಚಹಾದ ರುಚಿ ಭಾಳ ಮಂದಿಗೆ ಗೊತ್ತಿರಲಿಲ್ಲ. ಊರೂರು ತಿರುಗಿ, ಪುಕ್ಕಟೆ ಕುಡಿಸಿ, ಜನಕ್ಕ ಚಟ ಹಚ್ಚೋದೇ ಚಹಾ ಕಂಪನ್ಯಾಗ ನನ್ನ ನೌಕರಿ. ಮನ್ಯಾಗ ಮಾತ್ರ ಪುಣ್ಯದ ಕೆಲಸ ಅಂತ ಹೇಳಿದ್ದೆ.

ಶಿರಗುಪ್ಪಿಯ ಕಟ್ಟಿ ಮ್ಯಾಲೆ ಸ್ಟೋವ್ ಹಚ್ಚಿ, ಮೊದಲನೇ ಕಪ್ಪು ಒಬ್ಬ ಅಜ್ಜಿ ಕೈಗೆ ಕೊಟ್ಟೆ. ಆಕಿ ಮೂಸಿ ನೋಡಿ, "ಯಾವ ಜಡ್ಡಿಗೋ ತಮ್ಮಾ ಇದು?" ಅಂದಳು.

"ಜಡ್ಡಿಗಲ್ರಿ ಅಜ್ಜಿ, ರುಚಿಗೆ."

"ಜಡ್ಡಿಲ್ಲದ ಕಷಾಯ ಕುಡಿಯಾಕ ನನಗೇನು ಹುಚ್ಚು ಹಿಡದೈತೇನು?" ಕಪ್ಪು ಕೆಳಗಿಟ್ಟಳು. "ಅದಿರಲಿ, ಊಟಕ್ಕ ನಿನಗ ಏನು ಸೇರತೈತಿ?"

ನಾವು ಧಾರವಾಡದವರು, ಸಾರಿಗೂ ಬೆಲ್ಲ ಹಾಕೋ ಮಂದಿ. ಆದರ ಗಿರಾಕಿ ಮನಸ್ಸು ಹಿಡೀಬೇಕಲ್ಲ? "ಖಾರ ಇಲ್ಲದ ಊಟ ನನಗ ಊಟನ ಅಲ್ರಿ" ಅಂದುಬಿಟ್ಟೆ.

ಆಕಿ ಕಟ್ಟಿ ಬಾಜೂಕಿದ್ದ ತನ್ನ ಮನಿ ಒಳಗ ಹೋಗಿ ರೊಟ್ಟಿ ಮ್ಯಾಲೆ ಕೆಂಪು ಮೆಣಸಿನಕಾಯಿ ರಂಜಕ ಹಾಕಿ ತಂದಳು. ಎರಡನೇ ತುತ್ತಿಗೇ ಕಿವ್ಯಾಗ ಹೊಗಿ ಬಂತು. "ನೀರು, ನೀರು" ಅಂದೆ.

"ನೀರ್ಯಾಕ? ಈಗ ಜಡ್ಡು ಬಂತಲ್ಲ, ನಿನ್ನ ಔಷಧ ಕುಡಿ" ಅಂತ ಕುದಿಯೋ ಚಹಾ ಬಗ್ಗಿಸಿ ನನ್ನ ಕೈಗೇ ಕೊಟ್ಟಳು.

ಸುತ್ತ ಅರ್ಧ ಊರು ನಿಂತಿತ್ತು. ಕುಡಿಸಾಕ ಬಂದಾಂವನೇ ಒಲ್ಲೆ ಅಂದ್ರ ನೌಕರಿ ಉಳೀತದೇನು? ಉರಿಯೋ ಬಾಯಿಗೆ ಅಷ್ಟೂ ಸುರುವಿಕೊಂಡು, "ಆಹಾ!" ಅಂದೆ.

ಹುಬ್ಬಳ್ಳಿಗೆ ಬಂದ ಮ್ಯಾಲೆ ನಮ್ಮ ಸಾಹೇಬರು, "ಶಿರಗುಪ್ಪ್ಯಾಗ ಹ್ಯಾಂಗಾತು?" ಅಂತ ಕೇಳಿದರು.

"ಒಬ್ಬಾಂವಂತೂ ಕಣ್ಣಾಗ ನೀರು ತಂದುಕೊಂಡು ಕುಡದಾನ್ರಿ" ಅಂದೆ.

ಸುಳ್ಳೇನು ಹೇಳಲಿಲ್ಲ. ಸಾಹೇಬರಿಗೆ ಭಾಳ ಖುಷಿಯಾತು. ಮುಂದಿನ ವಾರ ಮತ್ತ ಅಲ್ಲಿಗೇ ಕಳಿಸಿದರು.