ಸಜಾ ಆದವನಿಗೆ ತೆರೆದ ಬ್ಯಾಂಕಾಕಿನ ಬಾಗಿಲು

1. ಬರೆದುಕೊಳ್ಳುವವನ ಹೆಸರು: ತುಕಾರಾಮ ಧೋಂಡಿಬಾ, ವಯಸ್ಸು ಎಪ್ಪತ್ತೊಂದು.
2. ಸ್ವಂತ ಊರು: ಎಕಂಬಾ, ಔರಾದ ತಾಲೂಕು. ಹಾಲಿ ವಸ್ತಿ: ಬೀದರ.
3. ಉದ್ಯೋಗ: ಔರಾದ ತಹಸೀಲ ಕಚೇರಿಯ ಎದುರು ನಲವತ್ತು ವರ್ಷ ಅರ್ಜಿ ಬರಹ. ಈಗ ನಿವೃತ್ತ.
4. ಪೂರ್ವದಲ್ಲಿ ಶಿಕ್ಷೆಯಾಗಿದೆಯೇ: ಆಗಿದೆ. ಒಂದು ಸಲ.

ನಾಲ್ಕನೆಯ ಕಲಮಿನ ವಿವರ ಹೀಗಿದೆ. ಎಕಂಬಾದಲ್ಲಿ ನಮ್ಮ ಓಣಿಯ ಮುಂದೆ ಬಸ್ಸು ನಿಲ್ಲಿಸುತ್ತಿರಲಿಲ್ಲ. ಹರೆಯದಲ್ಲಿ ಹನ್ನೊಂದು ಜನ ರಸ್ತೆಯ ನಡುವೆ ಕುಳಿತೆವು. ಕೇಸಾಯಿತು, ಕೋರ್ಟು ಏಳುವವರೆಗೆ ಸಾದಾ ಸಜಾ ಆಯಿತು.

ಅಂದರೆ ನ್ಯಾಯಾಧೀಶರು ದಿನದ ಕೆಲಸ ಮುಗಿಸಿ ಏಳುವ ತನಕ ಕೋರ್ಟಿನ ಬೆಂಚಿನ ಮೇಲೆ ಕುಳಿತಿರಬೇಕು. ಕುಳಿತೆ. ಆಮೇಲೆ ಓಣಿಯ ಮುಂದೆ ಬಸ್ಸು ನಿಲ್ಲತೊಡಗಿತು.

ಇತ್ತೀಚೆಗೆ, ಮೆಲ್ಬರ್ನಿನಲ್ಲಿ ನರ್ಸ್ ಆಗಿರುವ ಮಗಳ ಕಡೆಗೆ ನಾನೂ ನನ್ನ ಹೆಂಡತಿ ಕಾಶಿಬಾಯಿಯೂ ಹೊರಟೆವು. ಅಲ್ಲಿಯ ವೀಸಾ ಅರ್ಜಿಯಲ್ಲಿ ಸಜಾದ ಪ್ರಶ್ನೆ ಇತ್ತು. ಇದ್ದದ್ದು ಬರೆದಿದ್ದೆ, ವೀಸಾ ಬಂದಿತ್ತು.

ದಾರಿಯಲ್ಲಿ ಬ್ಯಾಂಕಾಕ್, ಎರಡು ದಿನದ ಸ್ಟಾಪ್‌ಓವರ್. ಅದಕ್ಕೆ ವೀಸಾ ಬೇಕಿಲ್ಲ. ಅಲ್ಲಿಯ ಮಲಗಿರುವ ಬುದ್ಧನನ್ನು ನೋಡಬೇಕೆಂಬುದು ಕಾಶಿಬಾಯಿಯ ಎಷ್ಟೋ ವರ್ಷದ ಆಸೆ.

ಅಂಜಿಕೆಯೂ ಅಲ್ಲೇ ಇತ್ತು. ವೀಸಾ ಬೇಕಿಲ್ಲವೆಂದರೆ ಮೊದಲೇ ಯಾರೂ ಒಪ್ಪಿಗೆ ಕೊಟ್ಟಿಲ್ಲವೆಂದೂ ಅರ್ಥ... ಬಿಡುವುದು, ತಿರುಗಿ ಕಳಿಸುವುದು ಎಲ್ಲ ಕೌಂಟರಿನಲ್ಲೇ.

ಹೊರಡುವ ಮೊದಲು ಕಾಶಿಬಾಯಿಯ ತಮ್ಮ, ಭಾಲ್ಕಿಯ ನಿವೃತ್ತ ಮಾಸ್ತರ, ಬೀದರಿನ ನಮ್ಮ ಮನೆಗೆ ಬಂದು ಎಚ್ಚರಿಸಿದ. "ದಾಜಿ, ಅಲ್ಲಿ ಬಾಯಿ ಮುಚ್ಕೊಂಡು ನಿಂದರ್ರಿ. ಕೇಳಲಾರದ್ದು ಹೇಳಬ್ಯಾಡ್ರಿ. ಒಮ್ಮಿ ವಾಪಸ್ ಅಂತ ಶಿಕ್ಕಾ ಬಿತ್ತಂದ್ರ ಅಕ್ಕಗ ಬುದ್ಧನೂ ಇಲ್ಲ, ಮಗಳೂ ಇಲ್ಲ."

"ನಲವತ್ತು ವರ್ಷ ಮಂದೀದು ಖರೇ ಬರದೀನಿ. ನಂದು ಮುಚ್ಚಿಡ್ಲೇನು?" ಎಂದೆ.

"ಮುಚ್ಚಿಡಬ್ಯಾಡ್ರಿ, ಮಡಚಿಡ್ರಿ," ಎಂದಳು ಕಾಶಿಬಾಯಿ.

ಮಡಚಿಟ್ಟೆ. ಅಂಗಿಯ ಕಿಸೆಯಲ್ಲಿ, ಇಂಗ್ಲಿಷಿನಲ್ಲಿ, ಎರಡು ಪುಟದ ನಿವೇದನೆ, ತೀರ್ಪಿನ ದೃಢೀಕೃತ ನಕಲು ಸಹಿತ.

ಬ್ಯಾಂಕಾಕಿನ ಕೌಂಟರಿನ ಅಧಿಕಾರಿ ಎಷ್ಟು ದಿನ ಎಂದಷ್ಟೇ ಕೇಳಿದರು. ಎರಡು ಬೆರಳು ತೋರಿಸಿದೆ... ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಕಿಸೆಗೆ ಹೋಯಿತು.

ಅರ್ಜಿ ಗಾಜಿನ ಕೆಳಗಿನಿಂದ ಒಳಗೆ ಸರಿಯುತ್ತದೆ.

"ಕೊಟ್ಟೇ ಬಿಟ್ರೇನ್ರಿ," ಎನ್ನುತ್ತಾಳೆ ಕಾಶಿಬಾಯಿ ಹಿಂದಿನಿಂದ. ಅಧಿಕಾರಿ ಮೇಲಿನವರನ್ನು ಕರೆಯುತ್ತಾರೆ. ನಮ್ಮ ಹಿಂದಿನ ಸಾಲು ಪಕ್ಕದ ಕೌಂಟರಿಗೆ ಹೋಗುತ್ತದೆ.

ಬಂದವರು ಕನ್ನಡಕದ ಹೆಣ್ಣುಮಗಳು. ಎರಡೂ ಪುಟ ನಿಂತೇ ಓದುತ್ತಾರೆ. ಕೋರ್ಟು ಏಳುವವರೆಗೆ ಎಂದರೇನು ಎಂದು ಕೇಳುತ್ತಾರೆ. ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದೆ ಎಂದು ನನ್ನ ತಹಸೀಲ ಇಂಗ್ಲಿಷಿನಲ್ಲಿ ವಿವರಿಸುತ್ತೇನೆ.

ಆಮೇಲೆ ಅವರ ಬೆರಳು ಕೊನೆಯ ಸಾಲಿನ ಮೇಲೆ ನಿಲ್ಲುತ್ತದೆ. ಈ ಉಪಕಾರಕ್ಕಾಗಿ ಅರ್ಜಿದಾರನು ತಮಗಾಗಿ ಸದಾ ಪ್ರಾರ್ಥಿಸುವನು... ಹಿರಿಯರ ಅರ್ಜಿಗಳನ್ನು ನಕಲು ಮಾಡಿ ಮಾಡಿ ನನ್ನ ಕೈಗೆ ಬಂದ ಸಾಲು. ಅದಿಲ್ಲದೆ ಒಂದು ಅರ್ಜಿಯನ್ನೂ ನಾನು ಮುಗಿಸಿದವನಲ್ಲ.

ನಿಜವಾಗಿಯೂ ನನಗಾಗಿ ಪ್ರಾರ್ಥಿಸುತ್ತೀರಾ ಎಂದು ಅವರು ಕೇಳಿದರು.

ನಲವತ್ತು ವರ್ಷದಲ್ಲಿ ಯಾವ ಸಾಹೇಬರೂ ಈ ಪ್ರಶ್ನೆ ಕೇಳಿರಲಿಲ್ಲ. "ಯೆಸ್ ಮೇಡಂ, ಡೈಲಿ," ಎಂದೆ.

ಅವರು ನಕ್ಕು, ಕೈ ಮುಗಿದು, ಕಾಗದ ಮರಳಿಸಿದರು. ಎರಡೂ ಪಾಸ್‌ಪೋರ್ಟಿಗೆ ಶಿಕ್ಕಾ ಬಿತ್ತು. ಪ್ರವೇಶದ ಶಿಕ್ಕಾ.

ಮರುದಿನ ಬುದ್ಧನ ಪಾದದ ಬಳಿ ಕಾಶಿಬಾಯಿ ಬಹಳ ಹೊತ್ತು ನಿಂತಳು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಏನ್ರಿ ಅರ್ಜಿದಾರರ, ಬರದು ಕೊಟ್ಟೀರಲ್ಲ. ಶುರು ಮಾಡ್ರಿ ಈಗ."

ಶುರು ಮಾಡಿದೆ. ಆ ತಾಯಿಯ ಹೆಸರು ಗೊತ್ತಿಲ್ಲವಾದ್ದರಿಂದ "ಕನ್ನಡಕದ ಮೇಡಂ ಅವರು" ಎಂದು ನಮೂದಿಸಿ ಪ್ರಾರ್ಥನೆ ಸಲ್ಲಿಸಿದೆ. ಈಗ ಮಗಳ ಮನೆಯಲ್ಲೂ ದಿನ ಬೆಳಗಾದರೆ ತಪ್ಪಿಸಿಲ್ಲ.

ಸಜಾ ತೋರಿಸಿಯೇ ದಾಟಿದ್ದೇನೆ ಎಂಬ ಸಂಗತಿಯನ್ನು ಭಾಲ್ಕಿಯ ಮಾಸ್ತರರ ಗಮನಕ್ಕೆ ಹೆಮ್ಮೆಯಿಂದ ತರಬಯಸುತ್ತೇನೆ.

ಬಂಧುಗಳೇ, ನೀವು ವಾಡಿಕೆಗೆಂದು ಬರೆದ ಒಂದು ಸಾಲನ್ನು ಯಾರಾದರೂ ಖರೇ ಎಂದು ನಂಬಿಬಿಟ್ಟದ್ದುಂಟೇ?

ಇತಿ ತಮ್ಮ ವಿಶ್ವಾಸಿ,
(ಸಹಿ) ತುಕಾರಾಮ ಧೋಂಡಿಬಾ

ಲಗತ್ತು: ಬುದ್ಧನ ಪಾದದ ಬಳಿ ಕಾಶಿಬಾಯಿ, ಫೋಟೋ ಒಂದು. ಸ್ವಲ್ಪ ಅಲುಗಿದೆ.