ನಾಲ್ಕು ಊರಿನ ಹಾಡು ಎಣಿಸಿದ ಚಂದಪ್ಪ

ಬೆಳಗಿನ ಐದೂಕಾಲು. ಸಿಂದಗಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಚಂದಪ್ಪ ಪತ್ರಿಕೆಯ ಬಂಡಲ್ ಬಿಚ್ಚುತ್ತಾರೆ. ಮೇಲಿನ ಚೀಟಿಯಲ್ಲಿ ನೂರಾ ಎಂಬತ್ತು ಎಂದಿದೆ. ಆದರೂ ಎಣಿಸುತ್ತಾರೆ. ಮಾತಾಡಿಸಿದರೆ “ತಡೀರಿ” ಎಂದು ಕೈ ಎತ್ತುತ್ತಾರೆ. ನನ್ನ ಕೈಯಲ್ಲಿದ್ದ ಚಹಾ ಆರಿಹೋಗುತ್ತದೆ. “ಎರಡ ಕಡಿಮಿ ಅದಾವ್ರಿ,” ಎನ್ನುತ್ತಾರೆ ಕೊನೆಗೆ.

ಅರವತ್ತಾರರ ಈ ಪತ್ರಿಕೆ ಏಜೆಂಟರ ತಲೆಯಲ್ಲಿ ಈಗ ಒಂದೇ ಚಿಂತೆ. ದೇಶದಲ್ಲಿ ಪಾಪ್ ಹಾಡುಗಳ ಮಾರಾಟದ ಪಟ್ಟಿ ಆಗಷ್ಟೇ ಶುರುವಾಗಿದ್ದ ಕ್ಯಾಸೆಟ್ ಕಾಲದಲ್ಲಿ, ಮುಂಬಯಿಯ ವಾರಪತ್ರಿಕೆಯೊಂದಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಾರಾಟದ ಲೆಕ್ಕ ಕಳಿಸುತ್ತಿದ್ದವರು ಇವರು. ಆ ಹಳೆಯ ಪಟ್ಟಿಗಳೆಲ್ಲ ಈಗ ಪುಸ್ತಕವಾಗುತ್ತಿವೆ. ಅದರ ಕರಡಿನಲ್ಲಿ ಈ ನಾಲ್ಕು ಊರುಗಳ ಎದುರು ‘ಅಂದಾಜು’ ಎಂದು ಹಾಕಿದ್ದಾರೆ. ಈ ತಿಂಗಳೊಳಗೆ ಪುರಾವೆ ತಲುಪದಿದ್ದರೆ ಅದೇ ಅಚ್ಚಾಗುತ್ತದೆ.

“ನಾ ಅಂದಾಜ ಮಾಡಿಲ್ರಿ. ಎಣಿಸೇನಿ!” ಚಂದಪ್ಪನವರಿಗೆ ಸಿಟ್ಟು ನೆತ್ತಿಗೇರುತ್ತದೆ.

ಮೊದಮೊದಲು ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡರಂತೆ. ಮುದ್ದೇಬಿಹಾಳದ ಅಂಗಡಿಗೆ ಬಂದದ್ದು ಇಪ್ಪತ್ತೈದು ಕ್ಯಾಸೆಟ್, ಅಂಗಡಿಯವನು ಮಾರಿದೆನೆಂದದ್ದು ನಲವತ್ತು! ಆಗ ಹೊಳೆದದ್ದು ಈ ಉಪಾಯ. ನಮ್ಮ ಕಡೆಯ ಗಿರಾಕಿ ಅಂಗಡಿಯಲ್ಲೇ ಟೇಪಿಗೆ ಹಚ್ಚಿ ಕೇಳದೆ ಕ್ಯಾಸೆಟ್ ಒಯ್ಯುವವನಲ್ಲ. ಹಾಗಾಗಿ ಮೇಲಿನ ಪ್ಲಾಸ್ಟಿಕ್ ಅಲ್ಲೇ ಹರಿಯಬೇಕು. ಚಂದಪ್ಪ ಪ್ರತಿ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಮೇಲೆ ನಂಬರಿನ ಚೀಟಿ ಅಂಟಿಸಿ, ಅಂಗಡಿಗೊಂದು ಬಿಸ್ಕೀಟ್ ಡಬ್ಬಿ ಇಟ್ಟರು. ಮಾರಾಟವಾದದ್ದರ ಚೀಟಿ ಡಬ್ಬಿಗೆ. ವಾರದ ಕೊನೆಗೆ ಪೇಪರ್ ಹಂಚಿ ಮುಗಿಸಿ, ಬಸ್ ಹತ್ತಿ ನಾಲ್ಕೂ ಊರು ಸುತ್ತಿ ಎಣಿಸುವುದು, ಚೀಟಿಗಳನ್ನು ನೋಟ್‌ಬುಕ್ಕಿಗೆ ಅಂಟಿಸುವುದು. ನಾಲ್ಕು ವರ್ಷ ಒಂದು ವಾರವೂ ತಪ್ಪಿಲ್ಲ.

ತಮಾಷೆ ನೋಡಿ, ಇವರ ಮನೆಯಲ್ಲಿ ಟೇಪ್ ರೆಕಾರ್ಡರೇ ಇರಲಿಲ್ಲ. “ಊರ ಮಂದಿ ಹಾಡ ಎಣಿಸಾಂವ, ಮನ್ಯಾಗ ನನ್ನ ಬಾಯಿ ಒಂದ ರೇಡಿಯೋ,” ಎಂದು ಹೆಂಡತಿ ಹೊನ್ನವ್ವ ಈಗಲೂ ಚುಚ್ಚುತ್ತಾರೆ.

ಟೇಪ್ ಬರುವುದಿತ್ತು. ಕ್ಯಾಸೆಟ್ ಸರಬರಾಜಿನವನೊಬ್ಬ ಅದನ್ನು ಹೊತ್ತುಕೊಂಡೇ ಬಂದಿದ್ದ. “ಒಂಬತ್ತ ಮಾರ್‍ಯಾವಲ್ಲ, ತೊಂಬತ್ತ ಅಂತ ಬರಿ ಅಂದಾ. ಟೇಪ್ ತಗೊಂಡ ಹೋಗಪಾ, ಒಂಬತ್ತ ಒಂಬತ್ತs ಅಂದ್ನಿ,” ಎನ್ನುತ್ತಾರೆ ಚಂದಪ್ಪ. ಸರಬರಾಜಿನವ ಸುಮ್ಮನಾಗಲಿಲ್ಲ. ಚಂದಪ್ಪನ ಲೆಕ್ಕವೆಲ್ಲ ಅಂದಾಜು ಎಂದು ಮುಂಬಯಿಗೆ ಬರೆದ. ಚಂದಪ್ಪ ಒಳಗೆ ಬಂದರೆ ಮಾಲು ಬಂದ್ ಎಂದು ಸಿಂದಗಿಯ ಅಂಗಡಿಕಾರ ಇಜಾಜರನ್ನು ಹೆದರಿಸಿದ. ಎಂಟು ವಾರ ಚಂದಪ್ಪ ಹೊರಗೇ ನಿಂತು, ಬಾಗಿಲ ಬಳಿಯ ಕಸದ ಬುಟ್ಟಿಗೆ ಬಿದ್ದ ಹರಿದ ಪ್ಲಾಸ್ಟಿಕ್ಕಿನಿಂದ, ತಾವು ಮೊದಲೇ ಅಂಟಿಸಿದ್ದ ಚೀಟಿ ಆರಿಸಿದರು.

“ಒಂಬತ್ತನೇ ವಾರ ನನಗs ನಾಚಿಕಿ ಆತ್ರಿ,” ಎನ್ನುತ್ತಾರೆ ಈಗ ಅದೇ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಇಜಾಜ. “ಡಬ್ಬಿ ನಾನs ತಂದ ಕೈಯಾಗ ಕೊಟ್ಟೆ.”

ಆ ಎಂಟು ವಾರದ ಚೀಟಿಗಳೂ ನೋಟ್‌ಬುಕ್ಕಿನಲ್ಲಿವೆ. ಚಹಾ ಕಲೆ, ವೀಳ್ಯದ ಕಲೆ ಸಮೇತ. ಅವನ್ನು ಮುಟ್ಟಿ ನೋಡಿದಾಗ, ನಿಜ ಹೇಳಬೇಕೆಂದರೆ, ನನ್ನ ಕಣ್ಣು ತುಂಬಿ ಬರುತ್ತದೆ.

ಪೇಪರ್ ಹಂಚಿ ಮುಗಿದ ಮೇಲೆ ಚಂದಪ್ಪ ನೋಟ್‌ಬುಕ್‌ಗಳನ್ನು ಹಳೆಯ ಧೋತರದಲ್ಲಿ ಹೊಲಿದು, ಸೈಕಲ್ಲಿಗೆ ಕಟ್ಟಿ ಅಂಚೆ ಕಚೇರಿಗೆ ಹೊರಡುತ್ತಾರೆ. ಪುಸ್ತಕದಲ್ಲಿ ನಿಮ್ಮ ಹೆಸರು ಬರಬೇಕಲ್ಲವೇ ಎಂದರೆ ತಲೆಯಾಡಿಸುತ್ತಾರೆ. “ನನ್ನ ಹೆಸರ ಯಾಕ್ರಿ? ಆ ಒಂದ ಶಬ್ದ ತಗದ್ರ ಸಾಕು.”

ಕೌಂಟರಿನಲ್ಲಿರುವ ಕಾವೇರಿ ಗಂಟನ್ನು ತಕ್ಕಡಿಗೆ ಇಡುತ್ತಾ ಕೇಳುತ್ತಾಳೆ: “ಒಳಗ ಸುಮಾರ ಎಷ್ಟ ಪುಸ್ತಕ ಅದಾವ್ರಿ, ಕಾಕಾ?”

ಚಂದಪ್ಪ ನೆಟ್ಟಗೆ ನಿಲ್ಲುತ್ತಾರೆ.

“ಸುಮಾರ ಅಲ್ಲವ್ವಾ. ಹನ್ನೊಂದು.”