ದೂಳಿನ ಅಳತೆ

ಕಮಲಾಪುರದ ಹತ್ತಿರದ ಜಲ್ಲಿ ಕ್ರಷರ್‌ನಲ್ಲಿ ಕೆಲಸಗಾರರ ಉಸಿರಿಗೆ ಎಷ್ಟು ದೂಳು ಸೇರುತ್ತದೆ ಎಂಬುದು ನನ್ನ ಪಿಎಚ್‌ಡಿಯ ವಿಷಯವಾಗಿತ್ತು. ಕೊರಳ ಹತ್ತಿರ ಫಿಲ್ಟರ್, ಸೊಂಟಕ್ಕೆ ಗಾಳಿ ಎಳೆಯುವ ಸಣ್ಣ ಪಂಪು ಕಟ್ಟಿಕೊಂಡು ಯಾರಾದರೂ ಇಡೀ ದಿನ ಕೆಲಸ ಮಾಡಬೇಕಿತ್ತು. ಗಂಡಸರು ಹಿಂಜರಿದರು. ಬುಟ್ಟಿ ಹೊರುತ್ತಿದ್ದ ಒಬ್ಬ ಹೆಂಗಸು ಮುಂದೆ ಬಂದಳು.

"ಇದು ಕಟಗೊಂಡ್ರ ಕೆಮ್ಮ ಕಡಿಮಿ ಆಗ್ತದೇನ್ರಿ?" ಎಂದು ಕೇಳಿದಳು.

"ಇಲ್ಲವ್ವ, ಬರೀ ಅಳತಿ ಮಾಡ್ತದ. ಎಷ್ಟದ ಅಂತ ಗೊತ್ತಾದ ಮ್ಯಾಲ ಬಂದು ಹೇಳ್ತೀನಿ," ಎಂದೆ.

ಅವಳನ್ನು ನೋಡಿ ಉಳಿದವರೂ ಒಪ್ಪಿದರು.

ಕಲಬುರಗಿಯ ಲ್ಯಾಬಿನಲ್ಲಿ ಅವಳ ಫಿಲ್ಟರ್ ತೂಗಿದಾಗ ದೀಪಾವಳಿ ಹತ್ತಿರವಿತ್ತು. ದೂಳು ಸುರಕ್ಷಿತ ಮಿತಿಗಿಂತ ಬಹಳ ಹೆಚ್ಚಿತ್ತು. ಲೇಖನ ಅಚ್ಚಾಗುವವರೆಗೆ ಅಂಕಿ ಹೊರಗೆ ಹೋಗಬಾರದು ಎಂದರು ಗೈಡ್. ನಾನು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಡಿಗ್ರಿಯದೇ ಚಿಂತೆಯಿತ್ತು.

ಬೇಸಿಗೆಯಲ್ಲಿ ಲೇಖನ ಅಚ್ಚಾದ ಮೇಲೆ ಅವಳ ಮನೆಗೆ ಹೋದೆ. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಎರಡು ವಾರ ಇದ್ದು ಅವಳು ತೀರಿಕೊಂಡಿದ್ದಳು. ಮಗಳು ಚಹಾ ಕೊಟ್ಟಳು. ನಾನು ಅಳತೆಯ ಸಂಗತಿ ಹೇಳಿದೆ.

"ನಿಮಗ ಯಾವಾಗ ಗೊತ್ತಾತ್ರಿ ಇದು?"

"ದೀಪಾವಳಿ ಮುಂದ."

"ಅವ್ವ ಯುಗಾದಿ ತನಕ ಕೆಲಸಕ್ಕ ಹೋಗ್ಯಾಳ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನವೇ ಕ್ರಷರ್‌ಗೆ ಹೋಗಿ, ಎಲ್ಲರನ್ನೂ ಕೂರಿಸಿ ಅವರವರ ಅಂಕಿ ಓದಿ ಹೇಳಿದೆ. ಅವರು ಮಾಲೀಕನೊಂದಿಗೆ ಜಗಳವಾಡಿ, ದೂಳು ಏಳದಂತೆ ಕಲ್ಲಿಗೆ ನೀರು ಸಿಂಪಡಿಸುವ ಪೈಪು ಹಾಕಿಸಿದರು. ಮೊದಲ ಸಲ ನೀರು ಬಿಟ್ಟ ದಿನ ಆ ಮಗಳನ್ನೂ ಕರೆದಿದ್ದೆ. ಅವಳು ಬರಲಿಲ್ಲ.